ಲೋಕಾಪವಾದವೂ ಪಾಠಶುದ್ಧಿಯೂ

‘ಲೋಕಾಪವಾದ’ವೆಂಬುದು ಕನ್ನಡ ಕಾವ್ಯದ ಓದುಗರಿಗೆ ಬಹು ಪರಿಚಿತವಾದ ಪದ. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಸೀತಾಪರಿತ್ಯಾಗ ಪ್ರಸಂಗವನ್ನು ಒಮ್ಮೆಯಾದರೂ ಪಾಠ ಹೇಳದ ಕನ್ನಡ ಅಧ್ಯಾಪಕರು ವಿರಳ. ಆ ಪ್ರಸಂಗದ ಮೇಲಿನ ಚರ್ಚೆ ಸಾಮಾನ್ಯವಾಗಿ ರಾಮನ ನಿರ್ಧಾರ ಧರ್ಮವೇ ಅಧರ್ಮವೇ, ಕವಿಯ ಕರುಣೆ ಯಾರ ಪರವಾಗಿದೆ ಎಂಬ ಪ್ರಶ್ನೆಗಳ ಸುತ್ತಲೇ ಸುತ್ತುತ್ತದೆ. ಅಪವಾದವು ಅರಮನೆಯವರೆಗೆ ಬಂದ ದಾರಿಯ ಕಡೆಗೆ ಗಮನ ಹರಿಯುವುದು ಕಡಿಮೆ. ನಾಡಿನಲ್ಲಿ ಪ್ರಚಲಿತವಿರುವ ಅಗಸನ ಕಥೆಯನ್ನೇ ನೋಡಬಹುದು. ಅಗಸನಿಗೆ ಸೀತೆಯ ಶೀಲದ ಬಗ್ಗೆ ತೀರ್ಪು ಕೊಡುವ ಉದ್ದೇಶವಿರಲಿಲ್ಲ. ಅವನು ಜಗಳವಾಡುತ್ತಿದ್ದುದು ತನ್ನ ಹೆಂಡತಿಯ ವಿಷಯಕ್ಕೆ. ರಾಮನ ಹೆಸರು ಆ ಜಗಳದಲ್ಲಿ ಒಂದು ಉದಾಹರಣೆಯಾಗಿ ಬಂದುಹೋಯಿತು, ಅಷ್ಟೆ. ಕತ್ತಲಲ್ಲಿ ಕಿವಿಗೊಟ್ಟು ನಿಂತಿದ್ದ ಚಾರನು ಜಗಳವನ್ನು ಅಲ್ಲಿಯೇ ಬಿಟ್ಟು, ಉದಾಹರಣೆಯನ್ನು ಮಾತ್ರ ಎತ್ತಿಕೊಂಡು ಹೋದನು. ಅಂಗಳದಿಂದ ಅರಮನೆಗೆ ಹೋಗುವಷ್ಟರಲ್ಲಿ ಒಂದು ಮನೆಯ ಸಿಟ್ಟಿನ ಮಾತು ‘ಲೋಕ’ದ ಮಾತಾಗಿ ಬದಲಾಯಿತು. ಆ ‘ಲೋಕ’ದಲ್ಲಿ ಇದ್ದವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದರೆ ಒಬ್ಬ ಅಗಸ ಮತ್ತು ಒಬ್ಬ ಚಾರ. ನಿರ್ಧಾರವನ್ನು ಕೈಗೊಳ್ಳುವ ಮೊದಲು ಆ ಅಗಸನನ್ನು ಕರೆಸಿ, ಅವನು ನಿಜವಾಗಿ ಹೇಳಿದ್ದೇನು, ಯಾವ ಸಂದರ್ಭದಲ್ಲಿ ಹೇಳಿದ್ದು ಎಂದು ಯಾರೂ ಕೇಳಲಿಲ್ಲ.

ಪ್ರಸಿದ್ಧರ ಬಗ್ಗೆ ಸಮಾಜ ನೀಡುವ ತೀರ್ಪುಗಳು ಇಂದಿಗೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆಯುತ್ತವೆ. ಚಿತ್ರನಟರು, ಕ್ರೀಡಾಪಟುಗಳು, ರಾಜಕಾರಣಿಗಳು ಈ ತೀರ್ಪಿಗೆ ಗುರಿಯಾಗುವುದು ಎಲ್ಲ ದೇಶಗಳಲ್ಲಿಯೂ ಉಂಟು. ಕನ್ನಡದ ವಿಶೇಷವೆಂದರೆ ಇಲ್ಲಿ ಸಾಹಿತಿಯೂ ಅದೇ ಬಗೆಯ ಪ್ರಸಿದ್ಧ ವ್ಯಕ್ತಿ. ನವೆಂಬರ್ ತಿಂಗಳು ಬಂತೆಂದರೆ ಜ್ಞಾನಪೀಠ ಪುರಸ್ಕೃತರಾದ ಎಂಟು ಮಂದಿಯ ಭಾವಚಿತ್ರಗಳು ಶಾಲೆಯ ಗೋಡೆಗಳಿಂದ ಹಿಡಿದು ಆಟೋರಿಕ್ಷಾ ನಿಲ್ದಾಣಗಳವರೆಗೆ ಕಾಣಿಸಿಕೊಳ್ಳುತ್ತವೆ. ಆ ಮುಖಗಳನ್ನು ಗುರುತಿಸಬಲ್ಲವರ ಸಂಖ್ಯೆಗೂ ಆ ಕೃತಿಗಳನ್ನು ಓದಿದವರ ಸಂಖ್ಯೆಗೂ ಇರುವ ಅಂತರವನ್ನು ಕನ್ನಡ ಅಧ್ಯಾಪಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಓದದೆಯೇ ಪಡೆದ ಆ ಪರಿಚಯ ಒಂದು ದಿನ ಹಾರವಾಗುತ್ತದೆ, ಮತ್ತೊಂದು ದಿನ ಕಲ್ಲಾಗುತ್ತದೆ. ಆ ಹೊತ್ತಿನಲ್ಲಿ ಓದುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ಏನು ಮಾಡುತ್ತಾರೆ ಎಂಬುದೇ ಇಲ್ಲಿಯ ಪ್ರಶ್ನೆ.

2013ರ ಸೆಪ್ಟೆಂಬರಿನಲ್ಲಿ ಯು. ಆರ್. ಅನಂತಮೂರ್ತಿಯವರು ಬೆಂಗಳೂರಿನಲ್ಲಿ ಆಡಿದ ಒಂದು ಮಾತು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ಸಂದರ್ಭ. ನರೇಂದ್ರ ಮೋದಿಯವರು ಪ್ರಧಾನಿಯಾಗುವ ದೇಶದಲ್ಲಿ ಬದುಕಿರಲು ತಾನು ಇಷ್ಟಪಡುವುದಿಲ್ಲ ಎಂಬ ಅರ್ಥದ ಮಾತದು. ಅದಕ್ಕೆ ಬಂದ ಪ್ರತಿಕ್ರಿಯೆಗಳು ಇನ್ನೂ ಎಲ್ಲರ ನೆನಪಿನಲ್ಲಿವೆ. ಅವರಿಗೆ ಪಾಕಿಸ್ತಾನಕ್ಕೆ ಹೋಗಲು ಟಿಕೆಟ್ ಕೊಡಿಸುವ ಘೋಷಣೆಗಳು ಕೇಳಿಬಂದವು. ಬೆದರಿಕೆಯ ಕರೆಗಳು ಬಂದು, ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದ ಎಂಬತ್ತರ ಆ ಲೇಖಕರ ಮನೆಗೆ ಪೊಲೀಸ್ ರಕ್ಷಣೆ ನೀಡಬೇಕಾಯಿತು. 2014ರ ಆಗಸ್ಟ್ 22ರಂದು ಅವರು ತೀರಿಕೊಂಡಾಗ ರಾಜ್ಯದ ಕೆಲವೆಡೆ ಪಟಾಕಿ ಸಿಡಿಸಿ ಸಂಭ್ರಮಿಸಿದ ವರದಿಗಳು ಬಂದವು. ಸತ್ತವರ ಮುಂದೆ ದನಿ ತಗ್ಗಿಸುವ ಕನಿಷ್ಠ ಮರ್ಯಾದೆಯೂ ಅಲ್ಲಿ ಉಳಿಯಲಿಲ್ಲ.

ಪಟಾಕಿ ಹಚ್ಚಿದವರನ್ನು ಖಂಡಿಸುವುದು ಸುಲಭ. ಖಂಡನೆ ಸಾಕಷ್ಟು ಆಗಿಯೂ ಆಗಿದೆ. ವಿಚಾರಮಾಡಬೇಕಾದುದು ಅದಕ್ಕಿಂತ ಹತ್ತಿರದ ಸಂಗತಿಯನ್ನು: ಆ ಹನ್ನೊಂದು ತಿಂಗಳ ಕಾಲ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳಲ್ಲಿ, ಕಾಲೇಜುಗಳ ಅಧ್ಯಾಪಕರ ಕೊಠಡಿಗಳಲ್ಲಿ ನಡೆದ ಮಾತುಕತೆ ಬೀದಿಯ ಮಾತುಕತೆಗಿಂತ ಎಷ್ಟು ಭಿನ್ನವಾಗಿತ್ತು? ಅಲ್ಲಿಯೂ ಎರಡು ಪಾಳೆಯಗಳು ಏರ್ಪಟ್ಟವು. ಒಂದು ಪಾಳೆಯಕ್ಕೆ ಆ ವಾಕ್ಯ ದ್ರೋಹವಾಯಿತು, ಇನ್ನೊಂದಕ್ಕೆ ಪ್ರವಾದಿಯ ನುಡಿಯಾಯಿತು. ವಾಕ್ಯದ ಪೂರ್ಣಪಾಠ ಎಲ್ಲಿದೆ, ಹಿಂದೆ ಮುಂದೆ ಏನಿತ್ತು, ಆಡಿದವರೇ ಆಮೇಲೆ ಅದನ್ನು ಹೇಗೆ ತಿದ್ದಿಕೊಂಡರು ಎಂಬ ವಿಚಾರಣೆ ಎರಡೂ ಪಾಳೆಯಗಳಿಗೆ ಬೇಡವಾಗಿತ್ತು. ಅನಂತಮೂರ್ತಿಯವರಂತೂ ಅದನ್ನು ತಿದ್ದಿಕೊಂಡರು. ಅದು ಭಾವಾವೇಶದಲ್ಲಿ ಬಂದ, ಅತಿಯಾದ ಮಾತೆಂದೂ, ಭಾರತವನ್ನು ಬಿಟ್ಟು ತಾನು ಹೋಗಬಲ್ಲ ಜಾಗ ಬೇರೆ ಇಲ್ಲವೆಂದೂ ಅವರು ಸ್ಪಷ್ಟಪಡಿಸಿದ್ದರು. ತಿದ್ದುಪಡಿಗೆ ಮೂಲದ ಮಾತಿಗೆ ಸಿಕ್ಕ ಪ್ರಚಾರದ ನೂರನೆಯ ಒಂದಂಶವೂ ಸಿಗಲಿಲ್ಲ. ಅವರ ವಿರೋಧಿಗಳಿಗೆ ಅದು ಉಪಯೋಗಕ್ಕೆ ಬರುವಂತಿರಲಿಲ್ಲ. ಅಭಿಮಾನಿಗಳಿಗೂ ಅದು ಹಿಡಿಸಲಿಲ್ಲವೆಂಬುದು ಹೆಚ್ಚು ಸ್ವಾರಸ್ಯದ ವಿಷಯ.

ಕನ್ನಡ ಅಧ್ಯಯನವು ಒಂದು ಶಿಸ್ತಾಗಿ ರೂಪುಗೊಂಡದ್ದು ಗ್ರಂಥಸಂಪಾದನೆಯ ಕೆಲಸದಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಆರ್. ನರಸಿಂಹಾಚಾರ್ಯರಿಂದ ಡಿ. ಎಲ್. ನರಸಿಂಹಾಚಾರ್ಯರವರೆಗಿನ ವಿದ್ವಾಂಸರು ಓಲೆಗರಿಗಳ ಮುಂದೆ ಕುಳಿತು ಕಲಿತದ್ದು ಮತ್ತು ಕಲಿಸಿದ್ದು ಮೂಲತಃ ಒಂದು ಬಗೆಯ ಸಂಯಮವನ್ನು. ಒಂದೇ ಪ್ರತಿಯನ್ನು ನಂಬಬಾರದು. ಸಿಕ್ಕಷ್ಟು ಪ್ರತಿಗಳನ್ನು ಕೂಡಿಸಿ, ಯಾವುದು ಯಾವುದರಿಂದ ನಕಲಾಯಿತೆಂದು ಅವುಗಳ ವಂಶವೃಕ್ಷವನ್ನು ಗುರುತಿಸಬೇಕು. ಲಿಪಿಕಾರನ ಕಣ್ತಪ್ಪು ಯಾವುದು, ಅವನ ಭಕ್ತಿಯಿಂದ ಸೇರಿದ ಪ್ರಕ್ಷೇಪ ಯಾವುದು ಎಂದು ಬಿಡಿಸಿ ನೋಡಬೇಕು. ಕವಿಯೇ ಮಾಡಿದ ತಿದ್ದುಪಡಿಗೆ ಲಿಪಿಕಾರನ ತಿದ್ದುಪಡಿಗಿಂತ ಹೆಚ್ಚಿನ ಬೆಲೆ ಕೊಡಬೇಕು. ತನಗೆ ಒಪ್ಪಿಗೆಯಾಗದ ಪಾಠವನ್ನೂ ಎಸೆಯದೆ ಅಡಿಟಿಪ್ಪಣಿಯಲ್ಲಿ ಉಳಿಸಬೇಕು, ಏಕೆಂದರೆ ನಾಳೆಯ ಓದುಗನಿಗೆ ಅದೇ ಸರಿಯೆಂದು ತೋರಬಹುದು. ಪಂಪನ ಒಂದು ಅಕ್ಷರದ ವಿಷಯದಲ್ಲಿ ಇಷ್ಟು ಜಾಗರೂಕರಾಗಿರುವ ವಿದ್ವಾಂಸರು ಬದುಕಿರುವ ಲೇಖಕನೊಬ್ಬನ ಮಾನದ ವಿಷಯ ಬಂದಾಗ ಬೆಳಗಿನ ಪತ್ರಿಕೆಯ ಒಂದು ತಲೆಬರಹವನ್ನೇ ಶುದ್ಧಪಾಠವೆಂದು ಸ್ವೀಕರಿಸುತ್ತಾರೆ. ವಿದ್ವತ್ತು ಮತ್ತು ನಡವಳಿಕೆಗಳ ನಡುವಿನ ಈ ಬಿರುಕು ಕನ್ನಡ ವಿಭಾಗಗಳ ಆತ್ಮಪರೀಕ್ಷೆಯ ವಸ್ತುವಾಗಬೇಕಿತ್ತು, ಆಗಿಲ್ಲ.

2014ರ ಜೂನ್ ತಿಂಗಳ ಇನ್ನೊಂದು ವಿವಾದವನ್ನು ಈ ದೃಷ್ಟಿಯಿಂದ ಸ್ವಲ್ಪ ನಿಧಾನವಾಗಿ ನೋಡಬೇಕು. ಮೂಢನಂಬಿಕೆ ನಿಷೇಧ ಮಸೂದೆಯ ಬಗ್ಗೆ ಬೆಂಗಳೂರಿನಲ್ಲಿ ನಡೆದ ಸಂಕಿರಣದಲ್ಲಿ ಎಂ. ಎಂ. ಕಲಬುರ್ಗಿಯವರು ಮಾತನಾಡುತ್ತ ಅನಂತಮೂರ್ತಿಯವರ ‘ಬೆತ್ತಲೆ ಪೂಜೆ ಯಾಕೆ ಕೂಡದು’ (1996) ಪುಸ್ತಕದ ಒಂದು ಪ್ರಸಂಗವನ್ನು ಪ್ರಸ್ತಾಪಿಸಿದರು. ಬಾಲ್ಯದಲ್ಲಿ, ದೈವವೆಂದು ಪೂಜೆಗೊಳ್ಳುತ್ತಿದ್ದ ಕಲ್ಲುಗಳ ಮೇಲೆ ಮೂತ್ರ ಮಾಡಿ, ಏನಾದರೂ ಕೇಡು ಆಗುವುದೇ ಎಂದು ಪರೀಕ್ಷಿಸಿದ ಹುಡುಗನೊಬ್ಬನ ನೆನಪು ಅದು. ಮರುದಿನದಿಂದಲೇ ಗದ್ದಲ ಶುರುವಾಯಿತು. ಪ್ರತಿಭಟನೆಗಳು ನಡೆದವು, ಇಬ್ಬರ ಮೇಲೂ ದೂರುಗಳು ದಾಖಲಾದವು. ಹಲವರ ಮನಸ್ಸಿನಲ್ಲಿ ಉಳಿದದ್ದು, ವಿಗ್ರಹಗಳಿಗೆ ಹೀಗೆ ಮಾಡಬಹುದೆಂದು ಕಲಬುರ್ಗಿಯವರು ಹೇಳಿದರು ಎಂಬ ಸುದ್ದಿ.

ಈ ಮಾತು ಹಾದುಬಂದ ದಾರಿಯನ್ನು ಒಂದು ಹಸ್ತಪ್ರತಿಯ ವಂಶವೃಕ್ಷದಂತೆ ಬರೆದು ನೋಡಿದರೆ ಹೇಗಿರುತ್ತದೆ? ಬೇರಿನಲ್ಲಿ ಇರುವುದು ಮಲೆನಾಡಿನ ಹುಡುಗನೊಬ್ಬನ ಭಯ ಮತ್ತು ಕದ್ದು ಮಾಡಿದ ಒಂದು ಕೃತ್ಯ. ಅದಕ್ಕೆ ಸಾಕ್ಷಿಗಳಿಲ್ಲ, ಇರುವುದು ನೆನಪು ಮಾತ್ರ. ಹಲವು ದಶಕಗಳ ನಂತರ, ಪ್ರಸಿದ್ಧ ಲೇಖಕನಾಗಿ ಬೆಳೆದ ಅದೇ ಹುಡುಗ ಆ ನೆನಪನ್ನು ಪ್ರಬಂಧದೊಳಗೆ ತರುತ್ತಾನೆ. ಆ ಪುಸ್ತಕದ ಶೀರ್ಷಿಕೆಯೇ ಸೂಚಿಸುವಂತೆ, ಚಂದ್ರಗುತ್ತಿಯ ಬೆತ್ತಲೆ ಸೇವೆಯ ಪ್ರಕರಣದ ಹಿನ್ನೆಲೆಯಲ್ಲಿ ನಂಬುವವರ ಲೋಕವನ್ನು ನಂಬದವರು ಎಷ್ಟರಮಟ್ಟಿಗೆ ಅರಿಯಬಲ್ಲರು ಎಂದು ಕೇಳಿಕೊಳ್ಳುವ ಬರಹ ಅದು. ವಿಚಾರವಾದಿಗಳು ಕೂಡ ಆಗ ಅದನ್ನು ಅನುಮಾನದಿಂದ ನೋಡಿದ್ದರು. ಅಂದರೆ ಮೂಲ ಆಕರದಲ್ಲಿ ಆ ಕೃತ್ಯದ ನೆನಪು ಬರುವುದು ಹಲವು ಸುತ್ತಿನ ಆತ್ಮಶೋಧನೆಯ ನಡುವೆ. ಮೂರನೆಯ ಹಂತದಲ್ಲಿ ಇನ್ನೊಬ್ಬ ವಿದ್ವಾಂಸರು ಆ ಪ್ರಸಂಗವನ್ನು ಬೇರೊಂದು ವಾದಕ್ಕೆ ಆಧಾರವಾಗಿ ವೇದಿಕೆಯ ಮೇಲೆ ಹೇಳುತ್ತಾರೆ. ಆತ್ಮಶೋಧನೆ ಅಲ್ಲಿ ಕಳಚಿಕೊಳ್ಳುತ್ತದೆ, ಕೃತ್ಯ ಉಳಿಯುತ್ತದೆ. ನಾಲ್ಕನೆಯ ಹಂತದಲ್ಲಿ ಅದು ವರದಿಗಾರನ ಟಿಪ್ಪಣಿಯಲ್ಲಿ ಎರಡು ಸಾಲಾಗುತ್ತದೆ. ಐದನೆಯದರಲ್ಲಿ ತಲೆಬರಹ. ಆರನೆಯದರಲ್ಲಿ ‘ಅವರು ಹೀಗೆ ಮಾಡಿದರಂತೆ’ ಎಂಬ ನೆನಪು ‘ಇವರು ಹೀಗೆ ಮಾಡಿ ಎಂದರು’ ಎಂಬ ಉಪದೇಶವಾಗಿ ಮಾರ್ಪಡುತ್ತದೆ. ಭೂತಕಾಲದ ಕ್ರಿಯಾಪದ ವಿಧ್ಯರ್ಥಕವಾಗುವುದಕ್ಕೆ ಒಂದೇ ರಾತ್ರಿ ಸಾಕಾಯಿತು. ಓಲೆಗರಿಯ ಲಿಪಿಕಾರನಿಗೆ ಇಷ್ಟು ಪಲ್ಲಟ ಮಾಡಲು ಎರಡು ಮೂರು ಶತಮಾನಗಳಾದರೂ ಬೇಕಾಗುತ್ತಿದ್ದವು.

ಈ ಆರೂ ಹಂತಗಳಲ್ಲಿ ಯಾರೂ ಸುಳ್ಳು ಹೇಳಿರಲೇಬೇಕೆಂದಿಲ್ಲ. ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಬಿಟ್ಟಿದ್ದಾರೆ. ಪ್ರಸಿದ್ಧ ವ್ಯಕ್ತಿಯ ಮೇಲಿನ ಅಪವಾದದಲ್ಲಿ ಹೊಣೆಗಾರಿಕೆ ಯಾರದೆಂದು ಹುಡುಕುವುದು ಕಷ್ಟವಾಗುವುದು ಇದರಿಂದಲೇ. ಕೇಳಿದರೆ ವರದಿಗಾರ ಭಾಷಣವನ್ನು ತೋರಿಸುತ್ತಾನೆ, ಪ್ರತಿಭಟನಕಾರ ವರದಿಯನ್ನು ತೋರಿಸುತ್ತಾನೆ, ಕಾಲೇಜಿನ ಅಧ್ಯಾಪಕನು ‘ಎಲ್ಲರೂ ಹೇಳುತ್ತಿದ್ದಾರಲ್ಲ’ ಎನ್ನುತ್ತಾನೆ. ಕೊನೆಯವನ ತಪ್ಪು ಉಳಿದವರದಕ್ಕಿಂತ ಸಣ್ಣದೆಂದು ತೋರಬಹುದು. ಹಾಗಲ್ಲ. ವರದಿಗಾರನಿಗೆ ಸಂಜೆಯೊಳಗೆ ಸುದ್ದಿ ಕಳಿಸುವ ಒತ್ತಡವಿತ್ತು. ಪ್ರತಿಭಟನಕಾರನಿಗೆ ಆ ಪುಸ್ತಕದ ಹೆಸರೂ ಗೊತ್ತಿರದೆ ಇರಬಹುದು. ಅಧ್ಯಾಪಕನ ಕಾಲೇಜಿನ ಗ್ರಂಥಾಲಯದಲ್ಲಿ ಆ ಪುಸ್ತಕವಿತ್ತು, ಅದನ್ನು ತೆಗೆದು ನೋಡುವ ತರಬೇತಿ ಅವನಿಗಿತ್ತು, ಅದಕ್ಕಾಗಿಯೇ ಅವನಿಗೆ ಸಂಬಳವೂ ಬರುತ್ತಿತ್ತು.

ಕಲಬುರ್ಗಿಯವರು ಈ ವಂಶವೃಕ್ಷದ ನಡುಕೊಂಬೆಯಲ್ಲಿ ಸಿಕ್ಕಿಕೊಂಡದ್ದು ದುರಂತದ ವ್ಯಂಗ್ಯ. ಕನ್ನಡ ಗ್ರಂಥಸಂಪಾದನೆಯ ಶಾಸ್ತ್ರವನ್ನೇ ಬರೆದ ವಿದ್ವಾಂಸರು ಅವರು. ಶಾಸನಗಳನ್ನೂ ವಚನಗಳನ್ನೂ ಪಾಠಾಂತರಗಳೊಂದಿಗೆ ಎದುರಿಟ್ಟು ಓದುವುದರಲ್ಲಿ ಅವರಿಗೆ ಸಮಾನರಾದವರು ಕಡಿಮೆ. ಅವರ ‘ಮಾರ್ಗ’ದ ಮೊದಲ ಸಂಪುಟದಲ್ಲಿದ್ದ, ನೀಲಾಂಬಿಕೆ ಹಾಗೂ ಚೆನ್ನಬಸವಣ್ಣನ ಜನನಕ್ಕೆ ಸಂಬಂಧಿಸಿದ ಬರಹಗಳ ಮೇಲೆ ಎದ್ದ ವಿರೋಧದ ಪರಿಣಾಮವಾಗಿ 1989ರಲ್ಲಿ ಅವರು ತಮ್ಮ ಅಭಿಪ್ರಾಯಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ಕುಟುಂಬದವರ ಜೀವದ ಸಲುವಾಗಿ ಹಾಗೆ ಮಾಡಿದ್ದಾಗಿಯೂ, ಬುದ್ಧಿಜೀವಿಯಾಗಿ ತಾನು ಅಂದೇ ಆತ್ಮಹತ್ಯೆ ಮಾಡಿಕೊಂಡಂತಾಯಿತೆಂದೂ ಅವರು ಹೇಳಿಕೊಂಡದ್ದುಂಟು. ಆ ತೀರ್ಮಾನಗಳನ್ನು ಪ್ರಶ್ನಿಸಲು ಆಕರಗಳ ಬಲದಿಂದಲೇ ಸಾಧ್ಯವಿತ್ತು. ವಚನಗಳ ಪಾಠದ ಬಗ್ಗೆ, ಐತಿಹ್ಯಗಳ ಕಾಲದ ಬಗ್ಗೆ, ಒಂದು ವಚನದಿಂದ ಜೀವನಚರಿತ್ರೆಯನ್ನು ಎಷ್ಟು ಹಿಂಡಬಹುದೆಂಬುದರ ಬಗ್ಗೆ ಗಟ್ಟಿಯಾದ ಆಕ್ಷೇಪಗಳನ್ನು ಎತ್ತಬಹುದಿತ್ತು. ಆದರೆ ನಿರ್ಣಯವಾದದ್ದು ಪುಸ್ತಕದ ಪುಟಗಳಲ್ಲಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಕೊಂದವರು ಯಾರು, ಏಕೆ ಎಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಹಿಂದಿನ ವರ್ಷದ ತಲೆಬರಹಕ್ಕೂ ಆ ಗುಂಡಿಗೂ ನೇರ ಗೆರೆ ಎಳೆಯುವುದು ಇಲ್ಲಿಯ ಉದ್ದೇಶವಲ್ಲ. ಹಾಗೆ ಎಳೆದರೆ ಈ ಬರಹವೂ ಏಳನೆಯ ಲಿಪಿಕಾರನ ಕೆಲಸವನ್ನೇ ಮಾಡಿದಂತಾದೀತು. ಆ ಕೊಲೆಯ ನಂತರವೂ ‘ಅವರು ಹಾಗೆ ಹೇಳಬಾರದಿತ್ತು’ ಎಂದವರಲ್ಲಿ, ಅವರು ಹೇಳಿದ್ದೇನೆಂದು ನೋಡಿದ್ದವರು ಎಷ್ಟು ಮಂದಿ ಎಂದು ಕೇಳುವುದಷ್ಟೇ ಇಲ್ಲಿ ಉಚಿತ.

ದೋಷ ಒಂದು ಪಕ್ಷದ್ದು ಮಾತ್ರವೆಂದು ಭಾವಿಸಿದರೆ ವಿಷಯ ಅರ್ಧದಲ್ಲಿಯೇ ನಿಂತುಬಿಡುತ್ತದೆ. ಎಸ್. ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಪ್ರಕಟವಾದಾಗ ಪಾಳೆಯಗಳು ಅದಲುಬದಲಾಗಿದ್ದವು. ಕೆಲವೇ ತಿಂಗಳುಗಳಲ್ಲಿ ಮುದ್ರಣದ ಮೇಲೆ ಮುದ್ರಣ ಕಂಡ ಆ ಕಾದಂಬರಿಯನ್ನು ತೆರೆದು ನೋಡುವುದಕ್ಕೂ ನಿರಾಕರಿಸಿ, ಅದರ ಮೇಲೆ ತೀರ್ಪು ಕೊಟ್ಟ ಪ್ರಗತಿಪರರು ಇದ್ದರು. ಓದದಿರುವುದನ್ನೇ ಒಂದು ನೈತಿಕ ನಿಲುವಾಗಿ ಸಾರಿದ್ದೂ ಉಂಟು. ಭೈರಪ್ಪನವರಿಗೆ ಕಾದಂಬರಿ ಬರೆಯುವುದೇ ತಿಳಿಯದು ಎಂಬ ಅರ್ಥದ ಟೀಕೆಯನ್ನು ಸಾರ್ವಜನಿಕವಾಗಿ ಮಾಡಿದವರಲ್ಲಿ ಅನಂತಮೂರ್ತಿಯವರೇ ಒಬ್ಬರು. ಅವರಾದರೂ ಓದಿ ಮಾಡಿದ ಟೀಕೆ ಅದು. ಕಟುವಾದ ವಿಮರ್ಶೆಗೆ ಸಾಹಿತ್ಯದಲ್ಲಿ ಯಾವತ್ತೂ ಸ್ಥಾನವಿದೆ. ಆದರೆ ಆ ಕಟುನುಡಿಯನ್ನು ಎತ್ತಿಕೊಂಡು ನೂರಾರು ಮಂದಿ ಓದಿನ ಶ್ರಮದಿಂದ ಬಿಡುಗಡೆ ಪಡೆದರು. ಆರು ವರ್ಷಗಳ ನಂತರ ಅನಂತಮೂರ್ತಿಯವರ ಮೇಲೆ ಬಂದೆರಗಿದ ಓದದವರ ತೀರ್ಪಿನ ಬಗ್ಗೆ ಸಂಕಟಪಟ್ಟವರಲ್ಲಿ ಇವರೂ ಇದ್ದರು. ಇಬ್ಬರು ಲೇಖಕರಿಗೂ ಒಂದೇ ಅನ್ಯಾಯವಾಗಿದೆಯೆಂದು ಸಮೀಕರಿಸುವುದು ತಪ್ಪಾಗುತ್ತದೆ. ಒಬ್ಬರ ಮನೆಗೆ ಪೊಲೀಸರು ಬರಬೇಕಾಯಿತು, ಇನ್ನೊಬ್ಬರ ಪುಸ್ತಕ ಇನ್ನಷ್ಟು ಮಾರಾಟವಾಯಿತು. ಫಲ ಬೇರೆ ಬೇರೆಯಾದರೂ ಕನ್ನಡ ಅಧ್ಯಾಪಕನ ಮಟ್ಟಿಗೆ ತಪ್ಪು ಒಂದೇ.

ಹೊಗಳಿಕೆಯ ವಿಷಯವೂ ಬೇರೆಯಲ್ಲ. 2013ರಲ್ಲಿಯೇ ಅನಂತಮೂರ್ತಿಯವರ ಹೆಸರು ಮ್ಯಾನ್ ಬುಕರ್ ಅಂತರರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಕಾಣಿಸಿಕೊಂಡಾಗ ನಾಡೆಲ್ಲ ಹೆಮ್ಮೆಪಟ್ಟಿತು. ಅಂದು ಹೆಮ್ಮೆಪಟ್ಟವರು ಓದಿದ್ದಕ್ಕಿಂತ ಹೆಚ್ಚಾಗಿ ಸೆಪ್ಟೆಂಬರಿನಲ್ಲಿ ಸಿಟ್ಟಾದವರು ಓದಿರಲಿಲ್ಲ, ಕಡಿಮೆಯೂ ಓದಿರಲಿಲ್ಲ. ಹಾರ ಹಾಕುವಾಗ ಕೃತಿಯನ್ನು ಕೇಳದ ಸಮಾಜವು ಕಲ್ಲು ಎಸೆಯುವಾಗ ಮಾತ್ರ ಕೃತಿಯನ್ನು ಕೇಳಲಿ ಎಂದು ಬಯಸುವುದರಲ್ಲಿ ಅರ್ಥವಿಲ್ಲ. ಪ್ರಸಿದ್ಧಿಯ ಸುಖವನ್ನು ಉಂಡ ಲೇಖಕನೂ ಈ ವ್ಯವಸ್ಥೆಯಲ್ಲಿ ಪಾಲುದಾರನೇ. ಅನಂತಮೂರ್ತಿಯವರಿಗೆ ವೇದಿಕೆಯ ಮಾತಿನ ಆಕರ್ಷಣೆಯಿತ್ತು, ಪತ್ರಿಕೆಗಳಿಗೆ ಅವರ ಮಾತಿನ ಹಸಿವಿತ್ತು. ಇದನ್ನು ಅವರ ಮೆಚ್ಚುಗೆಯ ಓದುಗರೂ ಒಪ್ಪುತ್ತಾರೆ. ಆದರೂ ಆ ಒಂದು ವಾಕ್ಯದ ಹಿಂದಿನ ವಿಚಾರವನ್ನು ಅವರು ಕೊನೆಯ ದಿನಗಳಲ್ಲಿ, ಕಾಯಿಲೆಯ ನಡುವೆಯೇ, ಪುಸ್ತಕವಾಗಿ ಬರೆದರು. ‘ಹಿಂದುತ್ವ ಅಥವಾ ಹಿಂದ್ ಸ್ವರಾಜ್’ ಅವರ ಮರಣಾನಂತರ ಪ್ರಕಟವಾಯಿತು. ಸಾವರ್ಕರ್ ಮತ್ತು ಗಾಂಧಿಯವರನ್ನು ಎದುರುಬದುರು ಇಟ್ಟು, ರಾಷ್ಟ್ರ, ಅಭಿವೃದ್ಧಿ, ಕೇಡು ಎಂಬ ಪರಿಕಲ್ಪನೆಗಳನ್ನು ಚರ್ಚಿಸುವ ಆ ಕಿರುಹೊತ್ತಗೆಯನ್ನು ಒಪ್ಪದೆ ಇರಲು ಬೇಕಾದಷ್ಟು ಕಾರಣಗಳನ್ನು ಯಾರಾದರೂ ಕಂಡುಕೊಳ್ಳಬಹುದು. ಎಷ್ಟೋ ಕಡೆ ಅದು ವಾದಕ್ಕಿಂತ ಸ್ವಗತಕ್ಕೆ ಹತ್ತಿರವಾಗಿದೆ, ತರ್ಕದ ಕೊಂಡಿಗಳು ಸಡಿಲವಾಗಿವೆ. ಆದರೆ ಒಪ್ಪದಿರುವುದಕ್ಕೂ ಮೊದಲು ಅದನ್ನು ಓದಬೇಕು. ವಿವಾದಿತ ವಾಕ್ಯವನ್ನು ಬಲ್ಲವರ ನಡುವೆ ಈ ಪುಸ್ತಕವನ್ನು ಬಲ್ಲವರು ಎಷ್ಟು ಮಂದಿ ಎಂಬುದನ್ನು ಯಾವುದೇ ಸ್ನಾತಕೋತ್ತರ ತರಗತಿಯಲ್ಲಿ ಕೇಳಿ ನೋಡಬಹುದು.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಸಾರ್ವಜನಿಕ ವ್ಯಕ್ತಿ ಸಾರ್ವಜನಿಕವಾಗಿ ಆಡಿದ ಮಾತಿಗೆ ಜನ ತಕ್ಷಣ ಪ್ರತಿಕ್ರಿಯಿಸಬಾರದೇ? ಸಮಗ್ರ ಕೃತಿಗಳನ್ನು ಓದಿ ಮುಗಿಸುವವರೆಗೂ ಬಾಯಿ ಮುಚ್ಚಿಕೊಂಡಿರಬೇಕೆಂಬುದು ಪಂಡಿತರ ದರ್ಪವಲ್ಲವೇ? ಆಕ್ಷೇಪ ಗಟ್ಟಿಯಾದದ್ದೇ. 2018ರಲ್ಲಿ ಚಿತ್ರರಂಗ ಮೊದಲಾದ ಕ್ಷೇತ್ರಗಳ ಮಹಿಳೆಯರು ಪ್ರಸಿದ್ಧ ಪುರುಷರ ಮೇಲೆ ಕಿರುಕುಳದ ಆಪಾದನೆಗಳನ್ನು ಬಹಿರಂಗವಾಗಿ ಮುಂದಿಟ್ಟಾಗ ‘ಪೂರ್ತಿ ವಿಷಯ ತಿಳಿಯದೆ ಮಾತಾಡಬೇಡಿ’ ಎಂಬ ಬುದ್ಧಿವಾದವು ಬಹಳ ಸಲ ದೂರು ಹೇಳಿದವರ ಬಾಯಿ ಮುಚ್ಚಿಸುವ ಉಪಾಯವೇ ಆಗಿತ್ತು. ಸಂಯಮದ ಹೆಸರಿನಲ್ಲಿ ಬಲಿಷ್ಠರ ರಕ್ಷಣೆ ನಡೆಯುವುದುಂಟು. ಆದರೆ ಗ್ರಂಥಸಂಪಾದಕನ ಸಂಯಮ ಆ ಬಗೆಯದಲ್ಲ. ಸಂಪಾದಕನು ತೀರ್ಪನ್ನು ಮುಂದೂಡುತ್ತ ಕೂರುವವನಲ್ಲ. ಕೊನೆಗೆ ಒಂದು ಪಾಠವನ್ನು ಅವನು ಆರಿಸಲೇಬೇಕು, ಇಲ್ಲದಿದ್ದರೆ ಪುಸ್ತಕವೇ ಹೊರಬರದು. ಅವನ ಕಟ್ಟುಪಾಡು ಇಷ್ಟೆ: ಮೂಲಕ್ಕೆ ಅತಿ ಸಮೀಪದ ಪ್ರತಿಯನ್ನು ಮೊದಲು ಓದಬೇಕು, ಮತ್ತು ತಾನು ಬಿಟ್ಟದ್ದೇನೆಂದು ತೋರಿಸಬೇಕು. ಕಿರುಕುಳದ ದೂರಿನಲ್ಲಿ ಮೂಲಕ್ಕೆ ಅತಿ ಸಮೀಪದ ಪ್ರತಿಯೆಂದರೆ ದೂರು ಕೊಟ್ಟವಳ ಹೇಳಿಕೆ. ಅವಳ ಹಳೆಯ ಚಿತ್ರಗಳು, ಉಡುಗೆ, ಅವಳ ಬಗ್ಗೆ ಯಾರೋ ಆಡಿದ ಮಾತುಗಳೆಲ್ಲ ನಕಲಿನ ನಕಲುಗಳು. ಆ ಹೇಳಿಕೆಯನ್ನೇ ಪೂರ್ತಿ ಓದದೆ ಅವಳ ಮೇಲೆ ತೀರ್ಪು ಕೊಟ್ಟವರಿಗೂ, ಪುಸ್ತಕವನ್ನು ಓದದೆ ಲೇಖಕನ ಮೇಲೆ ತೀರ್ಪು ಕೊಟ್ಟವರಿಗೂ ಈ ಶಿಸ್ತು ಸಮಾನವಾಗಿ ಅನ್ವಯವಾಗುತ್ತದೆ. ಅಡಿಟಿಪ್ಪಣಿಯಿಲ್ಲದ ತೀರ್ಪು ಎಷ್ಟೇ ನ್ಯಾಯದ ಪರವಾಗಿ ಕಂಡರೂ ಅದರಲ್ಲಿ ಏನೋ ಅಡಗಿದೆಯೆಂದು ಶಂಕಿಸಬೇಕಾಗುತ್ತದೆ.

ತೀರ್ಪಿನೊಳಗೆ ಏನು ಅಡಗಿರುತ್ತದೆ ಎಂಬುದನ್ನು ಅನಂತಮೂರ್ತಿಯವರ ‘ಸಂಸ್ಕಾರ’ (1965) ತೋರಿಸಿಕೊಟ್ಟಷ್ಟು ನಿಷ್ಠುರವಾಗಿ ಕನ್ನಡದ ಬೇರೆ ಕಾದಂಬರಿ ತೋರಿಸಿರಲಾರದು. ದೂರ್ವಾಸಪುರದ ಅಗ್ರಹಾರಕ್ಕೆ ನಾರಣಪ್ಪನೇ ಪ್ರಸಿದ್ಧ ವ್ಯಕ್ತಿ. ಅವನು ಸಾಲಿಗ್ರಾಮವನ್ನು ನದಿಗೆ ಎಸೆದದ್ದು, ಮಾಂಸ ತಿಂದದ್ದು, ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡದ್ದು ಎಲ್ಲರ ನಾಲಿಗೆಯ ಮೇಲಿದೆ. ಅವನು ಸತ್ತಾಗ ಹೆಣವನ್ನು ಮುಟ್ಟಬಾರದೆಂಬ ತೀರ್ಪು ಎಲ್ಲರಿಂದಲೂ ಒಕ್ಕೊರಲಿನಿಂದ ಬರುತ್ತದೆ. ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನು ಬಿಚ್ಚಿ ಪ್ರಾಣೇಶಾಚಾರ್ಯರ ಮುಂದೆ ಇಟ್ಟ ಕ್ಷಣದಲ್ಲಿ ಆ ಒಕ್ಕೊರಲು ಒಡೆಯುತ್ತದೆ. ಧರ್ಮದ ಮಾತಾಡುತ್ತಿದ್ದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಮನೆಗಳಲ್ಲಿ ಆ ಚಿನ್ನದ ಲೆಕ್ಕಾಚಾರ ಶುರುವಾಗುತ್ತದೆ. ಹೆಣ ಸುಡುವುದಕ್ಕೆ ಶಾಸ್ತ್ರದಲ್ಲಿ ಎಡೆಯಿದೆಯೇ ಎಂಬ ಹುಡುಕಾಟ ಹೊಸ ಹುರುಪು ಪಡೆಯುತ್ತದೆ. ಹಳೆಯ ಆಸ್ತಿಯ ಜಗಳ, ನೆಂಟಸ್ತಿಕೆಯ ಮುನಿಸುಗಳು ತೀರ್ಪಿನ ಒಳಗೆ ಮೊದಲಿನಿಂದಲೂ ಇದ್ದವೆಂಬುದು ಓದುಗನಿಗೆ ಅಲ್ಲಿ ಹೊಳೆಯುತ್ತದೆ. ಚಿನ್ನಕ್ಕೆ ಆಸೆಪಡದ ಏಕೈಕ ನ್ಯಾಯಾಧೀಶ ಪ್ರಾಣೇಶಾಚಾರ್ಯನಾದರೂ ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡಿದ ಮೇಲೆ ಆ ಪೀಠಕ್ಕೆ ಮರಳಲಾರ. ಹೆಣವನ್ನು ಕೊನೆಗೆ ಸುಡಿಸಿದವಳು ಚಂದ್ರಿ. ಸಹಾಯಕ್ಕೆ ಬಂದವನು ಮೀನಿನ ವ್ಯಾಪಾರಿಯಾದ ಮುಸಲ್ಮಾನ. ತೀರ್ಪು ಕೊಡಲು ಅರ್ಹತೆಯಿಲ್ಲದವರೆಂದು ಅಗ್ರಹಾರ ಬಗೆದಿದ್ದವರೇ ಅವರಿಬ್ಬರೂ.

ಈ ಕಾದಂಬರಿಯ ಹಣೆಬರಹವೂ ಅದರ ವಸ್ತುವಿಗಿಂತ ಭಿನ್ನವಾಗಲಿಲ್ಲ. ಮಾಧ್ವ ಸಮುದಾಯದ ನಿಂದನೆಯೆಂಬ ಆಪಾದನೆ ಅದರ ಬೆನ್ನು ಬಿಡಲಿಲ್ಲ. ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಚಲನಚಿತ್ರವಾಗಿ ಮಾಡಿದಾಗ ಸೆನ್ಸಾರ್ ಮಂಡಳಿ ಮೊದಲು ನಿಷೇಧಿಸಿತು. ಬಿಡುಗಡೆಯಾದ ಮೇಲೆ ಅದೇ ಚಿತ್ರ 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ನಿಷೇಧಿಸಿದವರೂ ಪ್ರಶಸ್ತಿ ಕೊಟ್ಟವರೂ ಒಂದೇ ಸರ್ಕಾರದವರು ಎಂಬುದನ್ನು ಲಘುವಾಗಿ ಗಮನಿಸಿ ಮುಂದೆ ಹೋಗಬಹುದು.

ಹತ್ತಾರು ವರ್ಷ ‘ಸಂಸ್ಕಾರ’ವನ್ನು ಪಾಠ ಹೇಳಿದ ಅಧ್ಯಾಪಕನು ತನ್ನ ತೀರ್ಪಿನೊಳಗಿನ ಚಿನ್ನ ಯಾವುದೆಂದು ಕೇಳಿಕೊಳ್ಳದಿದ್ದರೆ ಆ ಪಾಠ ಹೇಳಿದ್ದಾದರೂ ಏಕೆ? ಕನ್ನಡ ವಿಭಾಗಗಳಲ್ಲಿ ಚಿನ್ನವೆಂದರೆ ಆಭರಣವಲ್ಲ. ಪಠ್ಯಪುಸ್ತಕ ಸಮಿತಿಯ ಸದಸ್ಯತ್ವ, ಅಕಾಡೆಮಿಗಳ ನೇಮಕ, ಪ್ರಶಸ್ತಿ, ಸಂಶೋಧನ ಮಾರ್ಗದರ್ಶನ, ಜಾತಿಯ ಬಂಧುಗಳ ಮೆಚ್ಚುಗೆ, ಗುಂಪಿನೊಳಗೆ ಬೆಚ್ಚಗಿರುವ ಸುಖ ಇವೇ ಅದರ ರೂಪಗಳು. ಯಾವ ಸರ್ಕಾರ ಇದ್ದಾಗ ಯಾವ ಲೇಖಕರ ಬಗ್ಗೆ ದನಿ ಏರುತ್ತದೆ, ಯಾವಾಗ ತಗ್ಗುತ್ತದೆ ಎಂಬುದನ್ನು ಹತ್ತು ವರ್ಷಗಳ ಪಠ್ಯಕ್ರಮಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ತಿಳಿಯುತ್ತದೆ. ಪಠ್ಯದಿಂದ ಒಬ್ಬ ಲೇಖಕನನ್ನು ಕೈಬಿಡುವುದೂ ಒಂದು ತೀರ್ಪು. ಪಟಾಕಿಯಷ್ಟು ಸದ್ದಾಗುವುದಿಲ್ಲ, ಆದರೆ ಹೆಚ್ಚು ಕಾಲ ಉಳಿಯುತ್ತದೆ. ಕೈಬಿಟ್ಟದ್ದಕ್ಕೆ ಸಾಹಿತ್ಯಿಕ ಕಾರಣಗಳಿದ್ದರೆ ಅವನ್ನು ಬರೆದಿಡುವ ಪದ್ಧತಿಯೂ ಇಲ್ಲ.

ತರಗತಿಯಲ್ಲಿ ‘ಸಂಸ್ಕಾರ’ ಅಥವಾ ‘ಸೂರ್ಯನ ಕುದುರೆ’ಯ ಪಾಠ ನಡೆಯುವಾಗ ವಿದ್ಯಾರ್ಥಿಯೊಬ್ಬ ಎದ್ದು, ಇವರು ದೇಶ ಬಿಟ್ಟು ಹೋಗುತ್ತೇನೆಂದವರಲ್ಲವೇ ಎಂದು ಕೇಳುವುದು ಇಂದಿಗೂ ಅಸಂಭವವಲ್ಲ. ಆ ಹುಡುಗ 2013ರಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದವನು. ಅವನ ಕೈಗೆ ಬಂದಿರುವುದು ಎಷ್ಟನೆಯ ತಲೆಮಾರಿನ ನಕಲೋ ಹೇಳಲಾಗದು. ಅವನನ್ನು ಗದರಿಸಿ ಕೂರಿಸುವ ಅಧ್ಯಾಪಕರಿದ್ದಾರೆ. ‘ಹೌದಪ್ಪ, ಅಂಥವರೇ’ ಎಂದು ನಕ್ಕು ಪುಟ ತಿರುಗಿಸುವವರೂ ಇದ್ದಾರೆ. ಇಬ್ಬರಿಗೂ ಪಾಠದ ಅವಧಿ ಉಳಿಯುತ್ತದೆ. ಮಾತು ಯಾವಾಗ, ಎಲ್ಲಿ ಆಡಿದ್ದು, ಆಡಿದವರು ಅದನ್ನು ಹೇಗೆ ತಿದ್ದಿಕೊಂಡರು, ಆ ಬಗ್ಗೆ ಬರೆದ ಪುಸ್ತಕದಲ್ಲಿ ಏನಿದೆ, ಅದನ್ನು ಒಪ್ಪದವರ ವಾದವೇನು ಎಂದು ಒಂದು ಗಂಟೆ ವ್ಯಯಿಸಿದರೆ ಪಠ್ಯಭಾಗ ಒಂದು ದಿನ ಹಿಂದೆ ಬೀಳುತ್ತದೆ. ಹಾಗೆ ಹಿಂದೆ ಬೀಳಲು ಧೈರ್ಯವೂ ಬೇಕು. ವಿಭಾಗದ ಮುಖ್ಯಸ್ಥರಿಗೆ ದೂರು ಹೋಗಬಹುದು, ಆ ಗಂಟೆಯ ಒಂದು ವಾಕ್ಯವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹಂಚಬಹುದು. ಪ್ರಸಿದ್ಧರಿಗೆ ಮಾತ್ರ ಆಗುತ್ತಿದ್ದದ್ದು ಈಗ ಕಾಲೇಜಿನ ಅಧ್ಯಾಪಕನಿಗೂ ಆಗುತ್ತದೆ.

ಸಂಶೋಧಕರ ಮುಂದೆಯೂ ಇದಕ್ಕೆ ಸಂಬಂಧಿಸಿದ ಒಂದು ಕೆಲಸ ಉಳಿದಿದೆ. ಕನ್ನಡದ ಪ್ರಾಚೀನ ಕೃತಿಗಳಿಗೆ ಪರಿಷ್ಕೃತ ಆವೃತ್ತಿಗಳಿವೆ. 1989ರ ‘ಮಾರ್ಗ’ ಪ್ರಕರಣ, 2007ರ ‘ಆವರಣ’ದ ಚರ್ಚೆ, 2013 ಮತ್ತು 2014ರ ಈ ಎರಡು ಪ್ರಸಂಗಗಳಿಗೆ ಅಂಥ ಶಿಸ್ತಿನ ಸಂಪಾದನೆ ಆಗಬೇಕು. ಆಡಿದ ಮಾತಿನ ಧ್ವನಿಮುದ್ರಣ ಅಥವಾ ಅತ್ಯಂತ ಮೊದಲ ವರದಿ, ಬೇರೆ ಬೇರೆ ಪತ್ರಿಕೆಗಳು ಕೊಟ್ಟ ಪಾಠಾಂತರಗಳು, ಲೇಖಕರ ಸ್ಪಷ್ಟೀಕರಣಗಳು, ಕರಪತ್ರಗಳು, ವಾಚಕರ ಪತ್ರಗಳು, ಸಂಘಸಂಸ್ಥೆಗಳ ಠರಾವುಗಳನ್ನು ದಿನಾಂಕದ ಸಮೇತ ಕೂಡಿಸಿ ಪ್ರಕಟಿಸಿದರೆ ಯಾರು ಏನನ್ನು ಬಿಟ್ಟರು, ಯಾರು ಏನನ್ನು ಸೇರಿಸಿದರು ಎಂಬುದು ತಾನಾಗಿ ಕಾಣುತ್ತದೆ. ಅನಂತಮೂರ್ತಿ, ಕಲಬುರ್ಗಿ ಇಬ್ಬರೂ ಇಲ್ಲ. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರೂ ತೀರಿಕೊಂಡರು. 1989ರ ಘಟನೆಗಳನ್ನು ಹತ್ತಿರದಿಂದ ಕಂಡವರಲ್ಲಿ ಬಹುಪಾಲು ಈಗ ಎಪ್ಪತ್ತು ದಾಟಿದವರು. ಆ ವರ್ಷದ ಪತ್ರಿಕೆಗಳಲ್ಲಿ ಹಲವು ಇನ್ನೂ ಗ್ರಂಥಾಲಯಗಳ ನೆಲಮಾಳಿಗೆಯ ಕಟ್ಟುಗಳಲ್ಲಿಯೇ ಇವೆ; ಮುದ್ರಣದ ಆ ಅಗ್ಗದ ಕಾಗದ ಮಡಿಕೆಯ ಜಾಗದಲ್ಲಿ ಪುಡಿಯಾಗತೊಡಗಿದೆ.